ದಣಿದ ವೈದ್ಯರು ‘ಇನ್ನು ಆಗದು’ ಎನ್ನುವುದು ಕರ್ತವ್ಯಲೋಪವೇ?

ಪ್ರಶ್ನೆ: ನನ್ನ ಮಗಳು ವೈದ್ಯಕೀಯ ಕಾಲೇಜೊಂದರಲ್ಲಿ ಪಿ.ಜಿ. ಮಾಡುತ್ತಿದ್ದಾಳೆ. ಮೂವತ್ತಾರು ಗಂಟೆಗಳ ಡ್ಯೂಟಿ ಮುಗಿಸಿ ಬಂದರೆ ತಟ್ಟೆಯ ಮುಂದೆ ಕೂತಲ್ಲಿಯೇ ತೂಕಡಿಸುತ್ತಾಳೆ. ‘ಆಗುವುದಿಲ್ಲವೆಂದು ಹೇಳಬಾರದೇನೇ?’ ಎಂದರೆ, ‘ರೋಗಿಯನ್ನು ಬಿಟ್ಟು ಬರುವುದು ವೃತ್ತಿಧರ್ಮವಲ್ಲಮ್ಮ’ ಎನ್ನುತ್ತಾಳೆ. ವೈದ್ಯರು ತಮ್ಮ ಆರೋಗ್ಯ ನೋಡಿಕೊಳ್ಳುವುದು ಧರ್ಮಕ್ಕೆ ವಿರುದ್ಧವೇ?

ಉತ್ತರ: ವಿರುದ್ಧವಲ್ಲ. ಹಾಗೆಂದು ನಿಮ್ಮ ಮಗಳ ಮಾತನ್ನು ತಳ್ಳಿಹಾಕುವಂತೆಯೂ ಇಲ್ಲ. ನಿಯಮದ ಒಂದು ಸಾಲನ್ನು ಆಕೆ ಸರಿಯಾಗಿಯೇ ನೆನಪಿಟ್ಟುಕೊಂಡಿದ್ದಾಳೆ. ಅದೇ ನಿಯಮಾವಳಿಯಲ್ಲಿರುವ ಇನ್ನೊಂದು ಸಾಲನ್ನು ಬಹುಶಃ ಯಾರೂ ಆಕೆಗೆ ತೋರಿಸಿಲ್ಲ.

ನಮ್ಮ ದೇಶದ ವೈದ್ಯರ ನಡತೆಗೆ ಆಧಾರವಾಗಿರುವುದು ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿ. (2023ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು ಹೊಸದೊಂದನ್ನು ತಂದು, ಮೂರೇ ವಾರಗಳಲ್ಲಿ ಅದನ್ನು ತಡೆಹಿಡಿದು, ಹಳೆಯದಕ್ಕೇ ಮರಳಿತು.) ಒಮ್ಮೆ ಚಿಕಿತ್ಸೆಯ ಹೊಣೆ ಹೊತ್ತ ಮೇಲೆ ರೋಗಿಯನ್ನು ಅಲಕ್ಷಿಸಬಾರದು, ಸಾಕಷ್ಟು ಮುಂಚೆ ತಿಳಿಸದೆ ಹಿಂದೆ ಸರಿಯಬಾರದು ಎಂದು ಅದು ವಿಧಿಸುತ್ತದೆ. ಆದರೆ ರೋಗಿಗೆ ಹಾನಿ ತರಬಲ್ಲ, ಅಥವಾ ತನ್ನ ಕೆಲಸವನ್ನು ಕೆಡಿಸಬಲ್ಲ ಯಾವುದೇ ಅಸಾಮರ್ಥ್ಯವಿರುವ ವೈದ್ಯನು ವೃತ್ತಿ ನಡೆಸುವಂತಿಲ್ಲ ಎಂದೂ ಅದೇ ನಿಯಮಾವಳಿ ಹೇಳುತ್ತದೆ. ಈ ಸಾಲನ್ನು ಬರೆದವರ ಕಣ್ಣ ಮುಂದೆ ನಿದ್ದೆಗೆಟ್ಟ ಪಿ.ಜಿ. ವಿದ್ಯಾರ್ಥಿ ಇದ್ದಿರಲಾರರು. ಆದರೂ ನಿದ್ದೆಗೇಡನ್ನು ಅಸಾಮರ್ಥ್ಯದ ಪಟ್ಟಿಯಿಂದ ಹೊರಗಿಡಲು ನನಗಂತೂ ಕಾರಣ ಕಾಣುವುದಿಲ್ಲ.

1997ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಪ್ರಯೋಗವೊಂದರಲ್ಲಿ, ಸತತ 17 ಗಂಟೆ ಎಚ್ಚರವಿದ್ದವರ ಕೈ–ಕಣ್ಣಿನ ಹೊಂದಾಣಿಕೆಯು ರಕ್ತದಲ್ಲಿ ಶೇ 0.05ರಷ್ಟು ಮದ್ಯವಿದ್ದವರ ಮಟ್ಟಕ್ಕೆ ಇಳಿದಿತ್ತು. 24 ಗಂಟೆಗಳ ಹೊತ್ತಿಗೆ ಅದು ಸುಮಾರು ಶೇ 0.10ರ ಮಟ್ಟ ಮುಟ್ಟಿತ್ತು. ನಮ್ಮ ಮೋಟಾರು ವಾಹನ ಕಾಯ್ದೆಯ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ, ಅಂದರೆ ಶೇ 0.03. ಸ್ಟೀರಿಂಗ್ ಹಿಡಿಯುವುದಕ್ಕೇ ಕಾನೂನು ಒಪ್ಪದ ಮಟ್ಟಕ್ಕಿಂತ ಮಂದವಾಗಿರುವ ಕೈಗೆ ಸಿರಿಂಜನ್ನು ಕೊಟ್ಟು, ಅದನ್ನು ತ್ಯಾಗವೆಂದು ಕರೆಯುವುದು ನಮ್ಮ ಆಸ್ಪತ್ರೆಗಳಿಗೆ ರೂಢಿಯಾಗಿದೆ. 2004ರಲ್ಲಿ ಬೋಸ್ಟನ್ನಿನ ತೀವ್ರ ನಿಗಾ ಘಟಕಗಳಲ್ಲಿ ನಡೆದ ಅಧ್ಯಯನವು, 24 ಗಂಟೆ ಮೀರಿದ ಪಾಳಿಗಳಲ್ಲಿದ್ದ ಇಂಟರ್ನ್‌ಗಳು ಮೊಟಕು ಪಾಳಿಯವರಿಗಿಂತ ಶೇ 36ರಷ್ಟು ಹೆಚ್ಚು ಗಂಭೀರ ತಪ್ಪುಗಳನ್ನು ಮಾಡಿದ್ದನ್ನು ದಾಖಲಿಸಿತು.

ವೈದ್ಯರ ಪ್ರಮಾಣವಚನವೂ ಈ ತಿಳಿವಳಿಕೆಗೆ ತಡವಾಗಿ ಬಂದಿದೆ. ವಿಶ್ವ ವೈದ್ಯಕೀಯ ಸಂಘವು 1948ರಲ್ಲಿ ಅಂಗೀಕರಿಸಿದ ಜಿನೀವಾ ಘೋಷಣೆಯಲ್ಲಿ ವೈದ್ಯರ ಸ್ವಂತ ಆರೋಗ್ಯದ ಮಾತೇ ಇರಲಿಲ್ಲ. 2017ರ ಅಕ್ಟೋಬರಿನಲ್ಲಿ ಷಿಕಾಗೋದಲ್ಲಿ ಪರಿಷ್ಕರಿಸಿದಾಗ, ಅತ್ಯುನ್ನತ ಗುಣಮಟ್ಟದ ಆರೈಕೆ ನೀಡುವ ಸಲುವಾಗಿ ನನ್ನ ಆರೋಗ್ಯ, ಕ್ಷೇಮ ಮತ್ತು ಸಾಮರ್ಥ್ಯಗಳ ಕಡೆಗೂ ಗಮನ ಕೊಡುತ್ತೇನೆ ಎಂಬ ಅರ್ಥದ ವಾಕ್ಯವನ್ನು ಸೇರಿಸಲಾಯಿತು. ‘ಸಲುವಾಗಿ’ ಎಂಬುದನ್ನು ಗಮನಿಸಿ: ವೈದ್ಯರ ವಿಶ್ರಾಂತಿಯನ್ನು ಅಲ್ಲಿ ರೋಗಿಗೆ ಸಲ್ಲಬೇಕಾದ ಋಣವಾಗಿ ಕಾಣಲಾಗಿದೆ.

ಹಾಗಾದರೆ ನಿಮ್ಮ ಮಗಳು ಎದ್ದು ಮನೆಗೆ ಬಂದುಬಿಡಬಹುದೇ? ಇಲ್ಲ. ಹೊರಡುವುದಕ್ಕೂ ರೋಗಿಯನ್ನು ಕೈಬಿಡುವುದಕ್ಕೂ ನಡುವೆ ಇರುವುದು, ರೋಗಿಯ ಹೊಣೆಯನ್ನು ಮುಂದಿನ ಪಾಳಿಯವರಿಗೆ ಒಪ್ಪಿಸುವ ಹ್ಯಾಂಡೋವರ್ ಎಂಬ ಒಂದು ಕ್ರಿಯೆ. ಈ ಪ್ರಶ್ನೆಯ ಗಂಟು ಇರುವುದೂ ಅಲ್ಲಿಯೇ. ಅಮೆರಿಕದಲ್ಲಿ ಪಾಳಿಯ ಅವಧಿಯನ್ನು ಹೋಲಿಸಿದ ದೊಡ್ಡ ಪ್ರಯೋಗವೊಂದರ 2019ರ ಫಲಿತಾಂಶದಲ್ಲಿ, ಕಟ್ಟುನಿಟ್ಟಾದ ಮಿತಿಯಿದ್ದ ಕಡೆಗೂ ಸಡಿಲವಿದ್ದ ಕಡೆಗೂ ರೋಗಿಗಳ ಸಾವಿನ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ದೀರ್ಘ ಪಾಳಿಯ ಪರ ವಾದಿಸುವವರು ಇದನ್ನು ಮುಂದೆ ಹಿಡಿಯುತ್ತಾರೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಆದರೆ ಪಾಳಿ ಮೊಟಕಾದಷ್ಟೂ ರೋಗಿಯು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವ ಸಲ ಹೆಚ್ಚುತ್ತದೆ, ಪ್ರತಿ ಸಲವೂ ಏನಾದರೊಂದು ಹೇಳದೆ ಉಳಿಯುವ ಅಪಾಯವಿರುತ್ತದೆ. ಹೀಗೆ ನಿದ್ದೆಯಿಂದ ಬಂದ ಲಾಭ ಅಲ್ಲಿ ಸೋರಿಹೋಗಿರಬಹುದು. ಮಕ್ಕಳ ವಾರ್ಡುಗಳಲ್ಲಿ ಹ್ಯಾಂಡೋವರಿಗೆ ಒಂದು ಖಚಿತ ಕ್ರಮವನ್ನು ಕಲಿಸಿ ನೋಡಿದ ಅಧ್ಯಯನವು (2014), ವೈದ್ಯಕೀಯ ತಪ್ಪುಗಳು ಶೇ 23ರಷ್ಟು ಇಳಿದದ್ದನ್ನು ಕಂಡಿತು. ಯಾರ ಸ್ಥಿತಿ ಗಂಭೀರ, ಯಾವ ರಿಪೋರ್ಟ್ ಬರಬೇಕಿದೆ, ರಾತ್ರಿ ಇಂಥದ್ದಾದರೆ ಏನು ಮಾಡಬೇಕು ಎಂಬುದನ್ನು ಹೇಳಿ, ಬರೆದು, ಕೇಳಿಸಿಕೊಂಡವರು ಮರಳಿ ಹೇಳುವುದನ್ನು ಆಲಿಸಿ ಹೊರಟ ವೈದ್ಯೆಯು ಯಾರನ್ನೂ ಬಿಟ್ಟು ಹೋಗಿಲ್ಲ.

ವಹಿಸಿಕೊಳ್ಳಲು ಇನ್ನೊಬ್ಬರೇ ಇಲ್ಲದಿದ್ದರೆ? ಒಬ್ಬರೇ ವೈದ್ಯಾಧಿಕಾರಿಯಿರುವ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನಡುರಾತ್ರಿ ಹೆರಿಗೆಗೆ ಬಂದವರಿಗೆ ‘ನನಗೆ ದಣಿವಾಗಿದೆ’ ಎನ್ನಲಾಗದು. ತುರ್ತು ಚಿಕಿತ್ಸೆ ಕೊಟ್ಟು, ಬೇಕಾದರೆ 108ರಲ್ಲಿ ತಾಲ್ಲೂಕು ಆಸ್ಪತ್ರೆಗೆ ಕಳಿಸಲೇಬೇಕು. ಅಲ್ಲಿ ತಪ್ಪು ಹುದ್ದೆ ತುಂಬದವರದ್ದು. ವೈದ್ಯಕೀಯ ಕಾಲೇಜಿನಲ್ಲಿಯಾದರೂ ಅಷ್ಟೇ: ಒಬ್ಬಳು ಎದ್ದುಹೋದರೆ ಆ ಭಾರ ಅಷ್ಟೇ ದಣಿದ ಸಹಪಾಠಿಯ ಹೆಗಲಿಗೆ ಬೀಳುವಂಥ ಡ್ಯೂಟಿ ಪಟ್ಟಿಯನ್ನು ಮಾಡಿಟ್ಟು, ನೀತಿಯ ಪ್ರಶ್ನೆಯನ್ನು ಆಕೆಯ ಮೇಲೆ ಹೊರಿಸುವುದು ಅನ್ಯಾಯ. ಇಂಥ ಕಡೆಗಳಲ್ಲಿ ಒತ್ತಡ ನಿವಾರಣೆಗೆಂದು ಭಾನುವಾರ ಬೆಳಿಗ್ಗೆ ಕಡ್ಡಾಯ ಯೋಗ ಶಿಬಿರ ಇಡುವುದೂ ಉಂಟು. ಯೋಗದ ಮೇಲೆ ನನಗೆ ತಕರಾರಿಲ್ಲ, ಭಾನುವಾರದ ಬೆಳಿಗ್ಗೆಯ ಬಗ್ಗೆ ಇದೆ.

ತರಬೇತಿಯಲ್ಲಿರುವ ವೈದ್ಯರಿಗಾಗಿ ಕೇಂದ್ರ ಸರ್ಕಾರ ಮಾಡಿದ 1992ರ ರೆಸಿಡೆನ್ಸಿ ಯೋಜನೆಯೇ ಸಾಮಾನ್ಯವಾಗಿ ಒಂದು ಸಲಕ್ಕೆ 12 ಗಂಟೆ, ವಾರಕ್ಕೆ 48 ಗಂಟೆ ಎಂದು ಹೇಳಿತ್ತು. ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ಸ್ನಾತಕೋತ್ತರ ನಿಯಮಗಳು ಅಂಕಿಯನ್ನು ಬಿಟ್ಟು ‘ಸಮಂಜಸ’ ಅವಧಿ ಎಂದವು. ವಾರದ ರಜೆ ಮತ್ತು ವರ್ಷಕ್ಕೆ 20 ದಿನಗಳ ವೇತನಸಹಿತ ಸಾಂದರ್ಭಿಕ ರಜೆಯನ್ನು ಮಾತ್ರ ಸ್ಪಷ್ಟವಾಗಿ ಬರೆದವು. ಆಯೋಗದ ಕಾರ್ಯಪಡೆಯು 2024ರಲ್ಲಿ ನೀಡಿದ ವರದಿಯ ಸಮೀಕ್ಷೆಯಲ್ಲಿ, ಸ್ನಾತಕೋತ್ತರ ವಿದ್ಯಾರ್ಥಿಗಳ ಪೈಕಿ ಶೇ 45ರಷ್ಟು ಮಂದಿ ವಾರಕ್ಕೆ 60 ಗಂಟೆಗೂ ಹೆಚ್ಚು ದುಡಿಯುತ್ತಿದ್ದರು, ಅರ್ಧಕ್ಕಿಂತ ಹೆಚ್ಚಿನವರಿಗೆ ವಾರದ ರಜೆಯೇ ಸಿಗುತ್ತಿರಲಿಲ್ಲ. ಅದು ಶಿಫಾರಸು ಮಾಡಿದ ಮಿತಿ 74 ಗಂಟೆ. 32 ವರ್ಷಗಳಲ್ಲಿ ಮಿತಿಯು 26 ಗಂಟೆ ಮೇಲೇರಿತು, ಅದೂ ಸುಧಾರಣೆಯ ಹೆಸರಿನಲ್ಲಿ.

ನಾವು ರೋಗಿಗಳ ಕಡೆಯವರೂ ಇದರಲ್ಲಿ ಪಾಲುದಾರರೇ. ‘ವೈದ್ಯೋ ನಾರಾಯಣೋ ಹರಿಃ’ ಎಂದು ಹೊಗಳಿ, ದೇವರಿಗೆ ನಿದ್ದೆ ಬೇಡವೆಂದು ಭಾವಿಸುತ್ತೇವೆ. ಪೂರ್ತಿ ಶ್ಲೋಕ ಹೇಳುವುದು ಬೇರೆಯೇ: ಶರೀರ ಜರ್ಜರಿತವಾದಾಗ ಗಂಗಾಜಲವೇ ಔಷಧ, ಹರಿಯೇ ವೈದ್ಯ.

ನಿಮ್ಮ ಮಗಳಿಗೆ ಹೀಗೆ ಹೇಳಿ: ಕಣ್ಣು ಕೂರುತ್ತಿರುವಾಗ ಔಷಧದ ಪ್ರಮಾಣವನ್ನು ಲೆಕ್ಕ ಹಾಕಬೇಕಾಗಿ ಬಂದರೆ ನರ್ಸ್ ಅಥವಾ ಸಹೋದ್ಯೋಗಿಯಿಂದ ಮರುಪರಿಶೀಲನೆ ಮಾಡಿಸಲಿ, ಡ್ಯೂಟಿಯ ಗಂಟೆಗಳನ್ನು ದಿನಾಂಕ ಸಹಿತ ಬರೆದಿಟ್ಟು, ಒಬ್ಬಳೇ ಅಲ್ಲದೆ ಸಹಪಾಠಿಗಳೊಂದಿಗೆ ಸೇರಿ ವಿಭಾಗದ ಮುಖ್ಯಸ್ಥರಿಗೆ ಲಿಖಿತವಾಗಿ ಕೊಡಲಿ. ನಿದ್ದೆ ಸಿಕ್ಕ ದಿನವೂ ಮನಸ್ಸು ಮಂಕಾಗಿಯೇ ಇದ್ದರೆ ಅದು ಬರಿಯ ದಣಿವಲ್ಲದಿರಬಹುದು. ಆಗ ಮನೋವೈದ್ಯರನ್ನು ಕಾಣಲಿ, ಇಲ್ಲವೇ ಹಗಲು ರಾತ್ರಿ ಸಿಗುವ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಲಿ. ಅಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು.