ನೂರ ಎಂಬತ್ತು ನಿಮಿಷ, ನೂರ ಎಂಬತ್ತು ಪ್ರಶ್ನೆ

ವೈದ್ಯಕೀಯ ಪ್ರವೇಶಕ್ಕೆಂದು ನಡೆಯುವ ನೀಟ್ ಪರೀಕ್ಷೆ 2025ರಲ್ಲಿ ತನ್ನ ಹಳೆಯ ಮಾದರಿಗೆ ಮರಳಿತು. ಬೇಕಾದವನ್ನಷ್ಟೇ ಆರಿಸಿ ಬರೆಯಬಹುದಾಗಿದ್ದ ಐಚ್ಛಿಕ ಪ್ರಶ್ನೆಗಳೂ 20 ನಿಮಿಷಗಳ ಹೆಚ್ಚುವರಿ ಸಮಯವೂ ಹೋಗಿ, 180 ಪ್ರಶ್ನೆಗಳಿಗೆ 180 ನಿಮಿಷ ಮಾತ್ರ ಉಳಿಯಿತು. ಪ್ರಶ್ನೆಗೊಂದು ನಿಮಿಷ ಎಂಬ ಲೆಕ್ಕ ಕಂಡ ಕೂಡಲೇ ಅನೇಕ ವಿದ್ಯಾರ್ಥಿಗಳು ಬೇಗ ಬೇಗ ಓದುವ, ಬೇಗ ಬೇಗ ಗೀಚುವ ಅಭ್ಯಾಸಕ್ಕೆ ಬೀಳುತ್ತಾರೆ. ಆದರೆ ವೇಗ ಇರುವುದು ಕಣ್ಣಿನಲ್ಲೂ ಅಲ್ಲ, ಕೈಯಲ್ಲೂ ಅಲ್ಲ.

ಒಂದು ಪ್ರಶ್ನೆಯನ್ನೇ ನೋಡೋಣ: 22 ಗ್ರಾಂ ಕಾರ್ಬನ್ ಡೈಆಕ್ಸೈಡ್‌ನಲ್ಲಿ ಆಕ್ಸಿಜನ್ ಪರಮಾಣುಗಳು ಎಷ್ಟು? ಒಬ್ಬಳಿಗೆ ಇದರ ಅಣುಭಾರ 44 ಎಂಬುದು ಬಾಯಿಪಾಠವಾಗಿದೆ. 44 ಗ್ರಾಂ ಎಂದರೆ ಒಂದು ಮೋಲ್, 22 ಎಂದರೆ ಅರ್ಧ ಮೋಲ್, ಅಣುವಿಗೆ ಎರಡು ಆಕ್ಸಿಜನ್, ಆದ್ದರಿಂದ ಸರಿಯಾಗಿ ಒಂದು ಮೋಲ್ ಪರಮಾಣು, ಅಂದರೆ ಅವೊಗಾಡ್ರೊ ಸಂಖ್ಯೆಯಷ್ಟು (6.022 × 10²³). ಪೆನ್ನು ಕಾಗದಕ್ಕೆ ತಾಗುವುದೇ ಇಲ್ಲ. ಇನ್ನೊಬ್ಬ 12ಕ್ಕೆ 32 ಕೂಡಿಸಿ, 22ನ್ನು 44ರಿಂದ ಭಾಗಿಸಿ, ಬಂದ ಅರ್ಧವನ್ನು 6.022 × 10²³ರಿಂದ ಗುಣಿಸಿ, ಕೊನೆಗೆ ಮತ್ತೆ ಎರಡರಿಂದ ಗುಣಿಸಿ ಅದೇ ಉತ್ತರಕ್ಕೆ ಬರುತ್ತಾನೆ. ಪಾಠ ಇಬ್ಬರಿಗೂ ಗೊತ್ತು; ಆದರೆ ಅವನ ದಾರಿ ಉದ್ದ, ಎಡವುವ ಜಾಗಗಳೂ ಹೆಚ್ಚು. ಯೋಚಿಸುವಾಗ ಸಂಗತಿಗಳನ್ನು ತಾತ್ಕಾಲಿಕವಾಗಿ ಮನಸ್ಸಿನಲ್ಲಿಟ್ಟುಕೊಳ್ಳುವ ನಮ್ಮ ಕಾರ್ಯಸ್ಮೃತಿ ಒಂದು ಸಲಕ್ಕೆ ಸುಮಾರು ನಾಲ್ಕು ಸಂಗತಿಗಳನ್ನಷ್ಟೇ ಹಿಡಿದಿಟ್ಟುಕೊಳ್ಳಬಲ್ಲದು ಎಂದು ಮನೋವಿಜ್ಞಾನಿ ನೆಲ್ಸನ್ ಕೋವನ್ 2001ರಲ್ಲಿ ವಾದಿಸಿದರು. ಆ ಇಕ್ಕಟ್ಟಾದ ಜಾಗದಲ್ಲಿ ಕೂಡುವ ಲೆಕ್ಕವೇ ತುಂಬಿಕೊಂಡರೆ ಯೋಚನೆಗೆ ಎಡೆಯಿರುವುದಿಲ್ಲ.

ಹೀಗೆ ನೆನಪಿನಿಂದ ತಟ್ಟನೆ ಬರುವಂತಾಗಬೇಕಾದರೆ ಪುಸ್ತಕವನ್ನು ಮತ್ತೆ ಮತ್ತೆ ಓದಿದರೆ ಸಾಲದು. ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ನಡೆಸಿದ ಪ್ರಯೋಗದಲ್ಲಿ, ಪಠ್ಯವನ್ನು ಮರಳಿ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ವಾರದ ನಂತರ ನೋಡಿದಾಗ, ಪುಸ್ತಕ ಮುಚ್ಚಿ ನೆನಪಿಸಿಕೊಂಡವರೇ ಮುಂದಿದ್ದರು. ಹಾಗೆಯೇ ಒಂದೇ ಅಧ್ಯಾಯದ ಐವತ್ತು ಲೆಕ್ಕಗಳನ್ನು ಸಾಲಾಗಿ ಮಾಡಿದಾಗ ಬರುವ ವೇಗವನ್ನು ನಾನು ಅಷ್ಟಾಗಿ ನಂಬುವುದಿಲ್ಲ, ಏಕೆಂದರೆ ಯಾವ ಸೂತ್ರ ಹಾಕಬೇಕೆಂಬುದನ್ನು ಅಲ್ಲಿ ಅಧ್ಯಾಯದ ಹೆಸರೇ ಹೇಳಿಬಿಟ್ಟಿರುತ್ತದೆ. ಪರೀಕ್ಷೆಯಲ್ಲಿ ಸಮಯ ತಿನ್ನುವುದು ಆ ಗುರುತಿಸುವಿಕೆಯೇ. ಆದ್ದರಿಂದ ಅಧ್ಯಾಯಗಳನ್ನು ಬೆರೆಸಿ ಅಭ್ಯಾಸ ಮಾಡಬೇಕು, ಗಡಿಯಾರವನ್ನು ಉತ್ತರಗಳು ಸರಿಬರತೊಡಗಿದ ಮೇಲಷ್ಟೇ ಎದುರಿಗಿಟ್ಟುಕೊಳ್ಳಬೇಕು.

ಸರಾಸರಿಯೂ ಮೋಸ ಮಾಡುತ್ತದೆ. ಜೀವಶಾಸ್ತ್ರದ 90 ಪ್ರಶ್ನೆಗಳನ್ನು 45 ನಿಮಿಷಗಳಲ್ಲಿ ಮುಗಿಸಿದರೆ ಭೌತ ಮತ್ತು ರಸಾಯನಶಾಸ್ತ್ರಗಳ ಪ್ರಶ್ನೆಗಳಿಗೆ ತಲಾ ಒಂದೂವರೆ ನಿಮಿಷ ಸಿಗುತ್ತದೆ; ಹಟಕ್ಕೆ ಬಿದ್ದು ಐದು ಪ್ರಶ್ನೆಗಳಿಗೆ ನಾಲ್ಕು ನಾಲ್ಕು ನಿಮಿಷ ಸುರಿದರೆ ಇಪ್ಪತ್ತು ನಿಮಿಷ ಹೋಯಿತು. ಬಿಟ್ಟು ಮುಂದೆ ಹೋಗಿ ಎರಡನೇ ಸುತ್ತಿನಲ್ಲಿ ಬರುವುದೂ ಒಂದು ಕೌಶಲ, ಅದಕ್ಕೂ ಅಭ್ಯಾಸ ಬೇಕು. ನಮ್ಮ ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವಾದ್ದರಿಂದ ಅಲ್ಲಿ ಖಾಲಿ ಬಿಡುವುದೇ ನಷ್ಟ. ನೀಟ್‌ನಲ್ಲಿ ಸರಿಗೆ ನಾಲ್ಕು, ತಪ್ಪಿಗೆ ಒಂದು ಕಡಿತ. ನಾಲ್ಕು ಆಯ್ಕೆಗಳಲ್ಲಿ ಎರಡನ್ನು ಖಚಿತವಾಗಿ ಹೊಡೆದುಹಾಕಿದ ಮೇಲೆ ಊಹಿಸಿದರೆ ಸರಾಸರಿ ಒಂದೂವರೆ ಅಂಕದ ಲಾಭವಿದೆ.

ಇನ್ನು ದಣಿವು. 1948ರಲ್ಲಿ ಮನೋವಿಜ್ಞಾನಿ ನಾರ್ಮನ್ ಮ್ಯಾಕ್‌ವರ್ತ್, ಗಡಿಯಾರದಂತೆ ಜಿಗಿಯುವ ಮುಳ್ಳು ಅಪರೂಪಕ್ಕೊಮ್ಮೆ ಎರಡು ಹೆಜ್ಜೆ ಜಿಗಿಯುವುದನ್ನು ಗುರುತಿಸುವ ಕೆಲಸ ಕೊಟ್ಟಾಗ, ಅರ್ಧ ಗಂಟೆಯೊಳಗೇ ಜನರ ಎಚ್ಚರ ಕುಸಿಯುವುದನ್ನು ತೋರಿಸಿದರು. ಆದರೆ ಅದು ಬೇಸರದ ಕೆಲಸ. 2009ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಆಕರ್‌ಮನ್ ಮತ್ತು ಕ್ಯಾನ್ಫರ್ 239 ವಿದ್ಯಾರ್ಥಿಗಳಿಗೆ ಮೂರೂವರೆ, ನಾಲ್ಕೂವರೆ ಮತ್ತು ಐದೂವರೆ ಗಂಟೆಗಳ ಪರೀಕ್ಷೆ ಕೊಟ್ಟಾಗ, ಸಮಯ ಕಳೆದಂತೆ ಸುಸ್ತೇನೋ ಹೆಚ್ಚಿತು, ಅಂಕ ಮಾತ್ರ ಇಳಿಯಲಿಲ್ಲ. ಎರಡನೇ ಗಂಟೆಯಲ್ಲಿ ‘ತಲೆ ಓಡುತ್ತಿಲ್ಲ’ ಎನ್ನಿಸುವುದು ತಲೆ ನಿಜವಾಗಿ ನಿಂತಿದೆ ಎಂಬುದಕ್ಕೆ ಸಾಕ್ಷಿಯಲ್ಲ.

ಆ ಅನ್ನಿಸಿಕೆಗೆ ಹೆದರದಿರಬೇಕಾದರೆ ಅದನ್ನು ಮೊದಲೇ ಹಲವು ಸಲ ಕಂಡಿರಬೇಕು. ನೀಟ್ ನಡೆಯುವುದು ಮಧ್ಯಾಹ್ನ 2ರಿಂದ 5ರವರೆಗೆ, ಊಟದ ನಂತರ ಮೈ ಜೋಲುವ ಹೊತ್ತಿಗೆ. ಬೆಳಗಿನ ಜಾವ ಬರೆದ ಮಾಕ್ ಟೆಸ್ಟ್ ಈ ಹೊತ್ತಿನ ಪರಿಚಯ ಮಾಡಿಸದು. ಅದೇ ವೇಳೆಗೆ, ಮಿತವಾಗಿ ಉಂಡು, ಮಧ್ಯೆ ಏಳದೆ, ಉತ್ತರದ ವೃತ್ತಗಳನ್ನು ತುಂಬುವ ಓಎಂಆರ್ ಹಾಳೆಯ ಮೇಲೆಯೇ ಬರೆದು ನೋಡಬೇಕು. ಒಂದು ಪ್ರಶ್ನೆಯನ್ನು ಬಿಟ್ಟು ಮುಂದೆ ಹೋದಾಗ ಹಾಳೆಯಲ್ಲೂ ಆ ಸಾಲನ್ನು ಬಿಡಲು ಮರೆತರೆ ಮುಂದಿನ ಉತ್ತರಗಳೆಲ್ಲ ಒಂದೊಂದು ಸಾಲು ಮೇಲೇರುತ್ತವೆ, ಬಾಲ್ ಪೆನ್ನಿನ ಗುರುತನ್ನು ಅಳಿಸುವಂತೆಯೂ ಇಲ್ಲ.