ಕೆಂಟಕಿಯ ಅತ್ಯುತ್ತಮ ತಂಡ ಯಾವುದು? ಎಂಟು ಕಪ್, ಮುಗಿಯದ ಜಗಳ

1954ರ ಮಾರ್ಚ್. ಅಮೆರಿಕದ ಕೆಂಟಕಿ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ತಂಡ 25 ಮ್ಯಾಚ್ ಆಡಿ 25ನ್ನೂ ಗೆದ್ದು ಕೂತಿತ್ತು. ಬಾಕಿ ಇದ್ದದ್ದು ಕಾಲೇಜುಗಳ ರಾಷ್ಟ್ರೀಯ ಟೂರ್ನಿ. ಆಡೋಣ ಅಂದರು ಹುಡುಗರು. ಬೇಡ ಅಂದರು ಕೋಚ್ ಅಡಾಲ್ಫ್ ರಪ್. ತಂಡದ ಮೂವರು ದೊಡ್ಡ ಆಟಗಾರರು, ಕ್ಲಿಫ್ ಹೇಗನ್, ಫ್ರ್ಯಾಂಕ್ ರಾಮ್ಸಿ, ಲೂ ಸಿರೋಪಲಸ್, ಅಷ್ಟರಲ್ಲಿ ಡಿಗ್ರಿ ಮುಗಿಸಿದ್ದರು. ಡಿಗ್ರಿ ಆದವರು ಸೀಸನ್ ಪೂರ್ತಿ ಆಡಬಹುದು, ಟೂರ್ನಿಯಲ್ಲಿ ಮಾತ್ರ ಆಡುವಂತಿಲ್ಲ ಅನ್ನುವುದು ಆಗಿನ ನಿಯಮ. ಮೂವರನ್ನು ಬಿಟ್ಟು ಹೋಗಿ ಸೋಲುವುದಕ್ಕಿಂತ ಮನೆಯಲ್ಲೇ ಇರೋದು ವಾಸಿ ಅಂತ ರಪ್ ಲೆಕ್ಕ. ಆ ವರ್ಷದ ಕಪ್ ಲಾ ಸಾಲ್ ಕಾಲೇಜಿಗೆ ಹೋಯಿತು. ಅದೇ ಲಾ ಸಾಲ್‌ನ್ನು ಡಿಸೆಂಬರ್‌ನಲ್ಲಿ ಕೆಂಟಕಿ 73-60ರಲ್ಲಿ ಸೋಲಿಸಿತ್ತು!

ಕೆಂಟಕಿಯ ಲೆಕ್ಕದಲ್ಲಿ ಈಗ ಎಂಟು ಕಪ್ ಇವೆ: 1948, 1949, 1951, 1958, 1978, 1996, 1998, 2012. ಒಂದೂ ಸೋಲದ 1954ರ ತಂಡ ಆ ಪಟ್ಟಿಯಲ್ಲಿ ಇಲ್ಲ. ವಿಶ್ವವಿದ್ಯಾಲಯ ಇರುವ ಲೆಕ್ಸಿಂಗ್ಟನ್ ಊರಿನಲ್ಲಿ ‘ನಮ್ಮ ಅತ್ಯುತ್ತಮ ತಂಡ ಯಾವುದು’ ಅನ್ನುವ ಜಗಳ ತಲೆಮಾರಿನಿಂದ ತಲೆಮಾರಿಗೆ ನಡೆದು ಬಂದಿರುವುದಕ್ಕೆ ಇದೂ ಒಂದು ಕಾರಣ. ಬರೀ ಕಪ್ ಎಣಿಸಿ ಮುಗಿಸುವ ಹಾಗಿಲ್ಲ.

ಆ ಮೂವರು ಡಿಗ್ರಿ ಮುಗಿದ ಮೇಲೂ ಯಾಕೆ ಆಡುತ್ತಿದ್ದರು? ಹಿಂದಿನ ವರ್ಷ, ಅಂದರೆ 1952-53ರಲ್ಲಿ, ಕೆಂಟಕಿ ಒಂದೂ ಮ್ಯಾಚ್ ಆಡಲಿಲ್ಲ. ಇಡೀ ಸೀಸನ್ ಅಮಾನತು. ಅದಕ್ಕೆ ಕಾರಣ ತಿಳಿಯಬೇಕಾದರೆ ಮೊದಲ ದೊಡ್ಡ ತಂಡದ ಕಥೆಗೆ ಹೋಗಬೇಕು.

1948ರ ತಂಡದ ಐವರಿಗೆ ‘ಫ್ಯಾಬ್ಯುಲಸ್ ಫೈವ್’ ಅಂತಲೇ ಹೆಸರು. ಅಲೆಕ್ಸ್ ಗ್ರೋಜಾ, ರಾಲ್ಫ್ ಬಿಯರ್ಡ್, ವಾಲೇಸ್ ಜೋನ್ಸ್, ಕೆನ್ನಿ ರಾಲಿನ್ಸ್, ಕ್ಲಿಫ್ ಬಾರ್ಕರ್. ಇವರಲ್ಲಿ ಬಾರ್ಕರ್ ಕಥೆ ನನಗೆ ಬಹಳ ಇಷ್ಟ. ಎರಡನೇ ಮಹಾಯುದ್ಧದಲ್ಲಿ ಜರ್ಮನರ ಕೈಗೆ ಸಿಕ್ಕು ಸೆರೆ ಶಿಬಿರದಲ್ಲಿ ಒಂದು ವರ್ಷಕ್ಕೂ ಜಾಸ್ತಿ ಕಳೆದವರು. ಅಲ್ಲಿ ಹೊತ್ತು ಹೋಗಲಿ ಅಂತ ಒಂದು ವಾಲಿಬಾಲ್ ಹಿಡಿದು ಆಡುತ್ತಾ ಆಡುತ್ತಾ ಕೈಚಳಕ ಬೆಳೆಸಿಕೊಂಡರು. ಬೆನ್ನ ಹಿಂದಿನಿಂದ ಪಾಸ್ ಕೊಡುವುದರಲ್ಲಿ ಆಮೇಲೆ ಹೆಸರಾದರು. ಆ ವರ್ಷ ತಂಡ 36 ಗೆದ್ದು 3 ಸೋತಿತು. ಫೈನಲ್‌ನಲ್ಲಿ ಬೇಲರ್ ವಿರುದ್ಧ 58-42. ಅದೇ ಬೇಸಿಗೆಯಲ್ಲಿ ಐವರೂ ಲಂಡನ್ ಒಲಿಂಪಿಕ್ಸ್‌ಗೆ ಹೋಗಿ ಚಿನ್ನ ತಂದರು. ಅಮೆರಿಕ ತಂಡದಲ್ಲಿ ಅವರ ಜೊತೆ ಡಾನ್ ಬಾರ್ಕ್ಸ್‌ಡೇಲ್ ಅನ್ನುವ ಕಪ್ಪು ಆಟಗಾರರೂ ಇದ್ದರು. ಲಂಡನ್‌ನಲ್ಲಿ ಒಟ್ಟಿಗೆ ಆಡಬಹುದಿತ್ತು, ಕೆಂಟಕಿಯ ತಂಡದಲ್ಲಿ ಮಾತ್ರ ಅಂಥವರಿಗೆ ಜಾಗ ಇರಲಿಲ್ಲ.

1951ರಲ್ಲಿ ಬಾಂಬ್ ಸಿಡಿಯಿತು. ಗ್ರೋಜಾ, ಬಿಯರ್ಡ್ ಮತ್ತು ಇನ್ನೊಬ್ಬ ಜೊತೆಗಾರ ಜೂಜುಕೋರರಿಂದ ದುಡ್ಡು ತಗೊಂಡಿದ್ದನ್ನು ಒಪ್ಪಿಕೊಂಡರು. ದುಡ್ಡು ತಗೊಂಡದ್ದು 1949ರಲ್ಲಿ ನ್ಯೂಯಾರ್ಕ್‌ನ ಒಂದು ಟೂರ್ನಿಯಲ್ಲಿ ಲಯೋಲಾ ವಿರುದ್ಧ ಸೋತ ಮ್ಯಾಚ್‌ಗೆ. ಗ್ರೋಜಾ, ಬಿಯರ್ಡ್ ಇಬ್ಬರಿಗೂ ವೃತ್ತಿಪರ ಲೀಗ್ ಆದ ಎನ್‌ಬಿಎ ಬಾಗಿಲು ಜೀವನಪೂರ್ತಿ ಮುಚ್ಚಿತು. ತನಿಖೆ ಮುಂದುವರಿದಂತೆ ಆಟಗಾರರಿಗೆ ನಿಯಮ ಮೀರಿ ದುಡ್ಡು ಕೊಟ್ಟದ್ದೂ ಹೊರಬಂತು. ಒಂದು ಸೀಸನ್ ಹೋದದ್ದು ಹಾಗೆ. ಆ ಖಾಲಿ ವರ್ಷದಲ್ಲಿ ಆಡದೆ ಓದು ಮುಗಿಸಿದ ಹೇಗನ್, ರಾಮ್ಸಿ, ಸಿರೋಪಲಸ್ ಮುಂದಿನ ವರ್ಷ ಸಿಟ್ಟು ತೀರಿಸಿಕೊಂಡಂತೆ ಆಡಿದರು. ಮೊದಲ ಮ್ಯಾಚ್‌ನಲ್ಲೇ ಟೆಂಪಲ್ ವಿರುದ್ಧ ಹೇಗನ್ ಒಬ್ಬರೇ 51 ಪಾಯಿಂಟ್ ಹೊಡೆದರು.

ಹಾಗಾದರೆ 1954ರ ತಂಡವೇ ಅತ್ಯುತ್ತಮವಾ? ಹೌದು ಅನ್ನುವ ಮುಂಚೆ ಎರಡು ವಿಷಯ ನೋಡಬೇಕು.

ಒಂದು, ಎದುರಾಳಿ ಯಾರು ಅನ್ನುವುದು. ಕೆಂಟಕಿ ಆಡುವ ದಕ್ಷಿಣದ ಎಸ್‌ಇಸಿ ಲೀಗ್‌ನಲ್ಲಿ ಆಗ ಬರೀ ಬಿಳಿಯರು. ಆ ಲೀಗ್‌ನ ಮುಖ್ಯ ತಂಡದಲ್ಲಿ ಮೊದಲ ಕಪ್ಪು ಆಟಗಾರ ಆಡಿದ್ದು 1967ರಲ್ಲಿ, ವ್ಯಾಂಡರ್‌ಬಿಲ್ಟ್‌ನ ಪೆರ್ರಿ ವಾಲೇಸ್. ಅದಕ್ಕೆ ಒಂದು ವರ್ಷ ಮುಂಚೆ, 1966ರ ಫೈನಲ್‌ನಲ್ಲಿ, ರಪ್ ಅವರ ‘ಕುಳ್ಳರ ತಂಡ’ ಟೆಕ್ಸಾಸ್ ವೆಸ್ಟರ್ನ್ ಎದುರು ಆಡಿತು. ಕೆಂಟಕಿಯ ಮೊದಲ ಐವರಲ್ಲಿ 6 ಅಡಿ 5 ಇಂಚು ದಾಟಿದವರು ಯಾರೂ ಇಲ್ಲ, ಅದಕ್ಕೇ ಆ ಹೆಸರು. ಟೆಕ್ಸಾಸ್ ವೆಸ್ಟರ್ನ್ ಇಳಿಸಿದ ಐವರೂ ಕಪ್ಪು ಆಟಗಾರರು. ಫಲಿತಾಂಶ 72-65, ಕೆಂಟಕಿಗೆ ಸೋಲು. ಕೆಂಟಕಿಗೆ ಮೊದಲ ಕಪ್ಪು ಆಟಗಾರ, ಟಾಮ್ ಪೇನ್, ಬಂದು ಆಡಿದ್ದು 1970-71ರಲ್ಲಿ. ಅರ್ಧದಷ್ಟು ಪ್ರತಿಭೆಯನ್ನು ಹೊರಗಿಟ್ಟು ಆಡಿದ ಕಾಲದ ದಾಖಲೆಗಳನ್ನು ಅದೇ ತೂಕದಲ್ಲಿ ತೂಗಲು ನನಗಂತೂ ಆಗುವುದಿಲ್ಲ.

ಎರಡು, ಆಟವೇ ಬೇರೆ. 1948ರಲ್ಲಿ ಟೂರ್ನಿಗೆ ಬರುತ್ತಿದ್ದದ್ದು ಎಂಟೇ ತಂಡ. ಮೂರು ಮ್ಯಾಚ್ ಗೆದ್ದರೆ ಕಪ್. 1985ರಲ್ಲಿ ಅದು 64 ತಂಡ ಆಯಿತು, ಆಮೇಲೆ ಇನ್ನೂ ಹೆಚ್ಚಿತು. ಕಪ್‌ಗೆ ಆರು ಗೆಲ್ಲಬೇಕು, ಒಂದು ರಾತ್ರಿ ಕೈಕೊಟ್ಟರೆ ಮನೆಗೆ. 1948ರಲ್ಲಿ ಶಾಟ್ ಕ್ಲಾಕ್, ಅಂದರೆ ಇಷ್ಟು ಸೆಕೆಂಡಿನೊಳಗೆ ಶಾಟ್ ಹೊಡೆಯಲೇಬೇಕು ಅನ್ನುವ ಗಡಿಯಾರ, ಇರಲಿಲ್ಲ. ಮುಂದಿರುವ ತಂಡ ಚೆಂಡು ಇಟ್ಟುಕೊಂಡು ಸುಮ್ನೆ ಕಾಲ ತಳ್ಳಬಹುದಿತ್ತು. ಕಾಲೇಜು ಆಟಕ್ಕೆ ಗಡಿಯಾರ ಬಂದದ್ದು 1985-86ರಲ್ಲಿ, 45 ಸೆಕೆಂಡ್. ಮರುವರ್ಷ ಮೂರು ಪಾಯಿಂಟಿನ ಗೆರೆ ಬಂತು, ಅದರಾಚೆಯಿಂದ ಹಾಕಿದರೆ ಎರಡರ ಬದಲು ಮೂರು. ಇನ್ನು ಎತ್ತರ. 1948ರಲ್ಲಿ ರಿಂಗ್ ಕೆಳಗೆ ನಿಲ್ಲುತ್ತಿದ್ದ ಗ್ರೋಜಾ 6 ಅಡಿ 7 ಇಂಚು. 2015ರ ತಂಡದಲ್ಲಿ ಚೆಂಡು ಕುಟ್ಟಿಕೊಂಡು ಬರುತ್ತಿದ್ದ ಹ್ಯಾರಿಸನ್ ಅವಳಿಗಳೇ 6 ಅಡಿ 6 ಇಂಚು.

1978ರ ತಂಡದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಫೈನಲ್‌ನಲ್ಲಿ ಡ್ಯೂಕ್ ವಿರುದ್ಧ ಜಾಕ್ ಗಿವನ್ಸ್ 41 ಹೊಡೆದದ್ದು ಸಾಕು ನೆನಪಿಗೆ.

ನನ್ನ ಓಟು 1996ಕ್ಕೆ. ಕೋಚ್ ರಿಕ್ ಪಿಟಿನೊ. 34 ಗೆಲುವು, 2 ಸೋಲು. ಟೋನಿ ಡೆಲ್ಕ್, ಆಂಟ್ವಾನ್ ವಾಕರ್, ವಾಲ್ಟರ್ ಮೆಕಾರ್ಟಿ, ಡೆರೆಕ್ ಆಂಡರ್ಸನ್, ರಾನ್ ಮರ್ಸರ್, ಹೀಗೆ ಆ ತಂಡದ ಒಂಬತ್ತು ಜನ ಮುಂದೆ ಎನ್‌ಬಿಎಗೆ ಹೋದರು. ಬೆಂಚಿನಲ್ಲಿ ಕೂತವರೇ ಬೇರೆ ಕಾಲೇಜಿನಲ್ಲಿ ನಾಯಕರಾಗುವಂಥವರು. ಅವರು ಕೋರ್ಟಿನ ಈ ತುದಿಯಿಂದ ಆ ತುದಿಯವರೆಗೆ ಎದುರಾಳಿಯನ್ನು ಒತ್ತುತ್ತಾ, ದಣಿದವರ ಜಾಗಕ್ಕೆ ಹೊಸ ಕಾಲುಗಳನ್ನು ಇಳಿಸುತ್ತಾ ಆಡುತ್ತಿದ್ದರು. ಜನವರಿಯಲ್ಲಿ ಎಲ್‌ಎಸ್‌ಯು ಊರಿಗೇ ಹೋಗಿ ಮೊದಲ ಅರ್ಧದಲ್ಲೇ 86 ಪಾಯಿಂಟ್. ಇಪ್ಪತ್ತು ನಿಮಿಷದಲ್ಲಿ! ಸೀಸನ್ ಶುರುವಿನಲ್ಲಿ ತಮ್ಮನ್ನು ಸೋಲಿಸಿದ್ದ ಮ್ಯಾಸಚೂಸೆಟ್ಸ್ ತಂಡವನ್ನು ಸೆಮಿಫೈನಲ್‌ನಲ್ಲಿ 81-74ರಲ್ಲಿ ಮಣಿಸಿದರು. ಫೈನಲ್‌ನಲ್ಲಿ ಸಿರಾಕ್ಯೂಸ್ ವಿರುದ್ಧ 76-67. ಡೆಲ್ಕ್ ಒಬ್ಬರೇ ಏಳು ‘ಮೂರು’ ಹಾಕಿದರು.

ಆದರೆ 2012ರವರು ಸುಮ್ಮನೆ ಬಿಡುವುದಿಲ್ಲ. ಅಷ್ಟು ಹೊತ್ತಿಗೆ ಎನ್‌ಬಿಎ ನಿಯಮ ಬದಲಾಗಿತ್ತು. ಹೈಸ್ಕೂಲ್ ಮುಗಿಸಿ ನೇರ ಹೋಗುವಂತಿಲ್ಲ, ಒಂದು ವರ್ಷ ಕಾಯಬೇಕು. ಕೋಚ್ ಜಾನ್ ಕ್ಯಾಲಿಪರಿ ಆ ಒಂದು ವರ್ಷಕ್ಕೆ ಬರುವ ಹುಡುಗರನ್ನೇ ಗುಡ್ಡೆ ಹಾಕಿದರು. ಆಂಥನಿ ಡೇವಿಸ್ ಆ ವರ್ಷ 186 ಶಾಟ್ ಬ್ಲಾಕ್ ಮಾಡಿದರು. ಫೈನಲ್‌ನಲ್ಲಿ ಅವರು ಹೊಡೆದ ಹತ್ತು ಶಾಟ್‌ನಲ್ಲಿ ಬಿದ್ದದ್ದು ಒಂದೇ. ಆದರೂ 16 ರಿಬೌಂಡ್ (ಬುಟ್ಟಿಗೆ ಬೀಳದೆ ಪುಟಿದ ಚೆಂಡು ಹಿಡಿಯುವುದು), 6 ಬ್ಲಾಕ್ ಮಾಡಿ, ಕಾನ್ಸಾಸ್ ವಿರುದ್ಧ 67-59ರ ಗೆಲುವಿನ ಜೊತೆಗೆ ಟೂರ್ನಿಯ ಶ್ರೇಷ್ಠ ಆಟಗಾರನ ಪ್ರಶಸ್ತಿಯನ್ನೂ ಹೊತ್ತುಕೊಂಡು ಹೋದರು. ಚೆಂಡು ಬುಟ್ಟಿಗೆ ಹಾಕದೆಯೂ ಮ್ಯಾಚ್ ಆಳಬಹುದು ಅಂತ ತೋರಿಸಿದ ರಾತ್ರಿ ಅದು. ಕೆಲವೇ ತಿಂಗಳಲ್ಲಿ ಮೊದಲ ಐವರೂ ಎನ್‌ಬಿಎಗೆ ಹೊರಟುಹೋದರು.

ನಿಜವಾಗಿ ಹೊಟ್ಟೆ ಉರಿಸುವುದು 2015. ಕೇವಲ ಪ್ರತಿಭೆ ನೋಡಿದರೆ ಇದೇ ಎಲ್ಲಕ್ಕಿಂತ ಮೇಲೆ. ಕಾರ್ಲ್ ಆಂಥನಿ ಟೌನ್ಸ್, ವಿಲ್ಲಿ ಕಾಲಿ ಸ್ಟೈನ್ ಒಟ್ಟಿಗೆ. ಡೆವಿನ್ ಬುಕರ್ ಅಂಥವರು ಬೆಂಚಿನಿಂದ ಎದ್ದು ಬರುತ್ತಿದ್ದರು! ಡಿಸೆಂಬರ್‌ನಲ್ಲಿ ಯುಸಿಎಲ್‌ಎ ವಿರುದ್ಧ ಮೊದಲ ಅರ್ಧ ಮುಗಿದಾಗ ಸ್ಕೋರ್ 41-7. ಸತತ 38 ಗೆದ್ದು ಸೆಮಿಫೈನಲ್‌ಗೆ ಬಂದರು. ಅಲ್ಲಿ ವಿಸ್ಕಾನ್ಸಿನ್ ಸಿಕ್ಕಿತು. ಕೊನೆಯ ನಿಮಿಷಗಳಲ್ಲಿ ಕೆಂಟಕಿ ಹುಡುಗರು ಒಂದರ ಹಿಂದೆ ಒಂದು, ಮೂರು ಸಲ, ಶಾಟ್ ಕ್ಲಾಕ್‌ನ ಆಗಿನ 35 ಸೆಕೆಂಡ್ ಮುಗಿದರೂ ಸರಿಯಾದ ಶಾಟ್ ಹೊಡೆಯಲಾಗದೆ ಚೆಂಡು ಬಿಟ್ಟುಕೊಟ್ಟರು. 71-64, ಸೋಲು. ಅಲ್ಲಿ ಕಂಡದ್ದು ಪ್ರತಿಭೆಯ ಕೊರತೆ ಅಲ್ಲ. ಇಕ್ಕಟ್ಟಿನಲ್ಲಿ ಒಬ್ಬರ ಕಣ್ಣು ಇನ್ನೊಬ್ಬರು ಓದುವಷ್ಟು ಕಾಲ ಅವರು ಒಟ್ಟಿಗೆ ಇರಲಿಲ್ಲ. 1996ರ ತಂಡದ ಬಹುತೇಕರು ಎರಡು ಮೂರು ವರ್ಷ ಜೊತೆಗೇ ಓಡಿ ಬೆವರು ಹರಿಸಿದ್ದವರು. ನನ್ನ ಓಟು ಅವರಿಗೆ ಬೀಳುವುದು ಇದೇ ಕಾರಣಕ್ಕೆ.

ಆ 1996ರ ಬೆಂಚಿನಲ್ಲಿ ಮಾರ್ಕ್ ಪೋಪ್ ಅಂತ ಒಬ್ಬ ಎತ್ತರದ ಸೀನಿಯರ್ ಇದ್ದರು. ಅವರು 2024ರಲ್ಲಿ ಕೆಂಟಕಿಯ ಕೋಚ್ ಆಗಿ ವಾಪಸ್ ಬಂದರು. ಅವರನ್ನು ಪರಿಚಯಿಸುವ ದಿನ ಮ್ಯಾಚೇ ಇಲ್ಲದಿದ್ದರೂ ಕೆಂಟಕಿಯ ಕ್ರೀಡಾಂಗಣ ರಪ್ ಅರೀನಾ ತುಂಬಿತ್ತು. ಆಟಗಾರರು ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಸಲೀಸಾಗಿ ಹೋಗುವ ಕಾಲ ಇದು. ಪೋಪ್ ಅವರ ಮೊದಲ ತಂಡ ಹೆಚ್ಚುಕಡಿಮೆ ಪೂರ್ತಿಯಾಗಿ ಬೇರೆ ಕಾಲೇಜುಗಳಿಂದ ಬಂದವರದೇ. ಸೀಸನ್ ಶುರುವಾಗುವಾಗ ಅವರೆಲ್ಲ ಒಬ್ಬರ ಹೆಸರು ಇನ್ನೊಬ್ಬರು ಕಲಿಯುತ್ತಿದ್ದರು.