95 ಶತಕೋಟಿ ಡಾಲರ್ ಮಸೂದೆ ಸಾಗಿದ ದಾರಿ

ಅಮೆರಿಕದ ರಕ್ಷಣಾ ವೆಚ್ಚದ ಸುದ್ದಿಗಳಲ್ಲಿ ಎರಡು ಬಗೆಯ ಕಾನೂನುಗಳು ಸದಾ ಕಲಸಿಹೋಗುತ್ತವೆ. ಪ್ರತಿವರ್ಷದ ರಕ್ಷಣಾ ಅನುಮತಿ ಕಾಯ್ದೆ ಯಾವುದಕ್ಕೆ ಎಷ್ಟು ಖರ್ಚು ಮಾಡಬಹುದು ಎಂದು ಹೇಳುತ್ತದೆ. ಖಜಾನೆಯ ಬೀಗ ತೆಗೆಯುವುದು ಧನವಿನಿಯೋಗ ಕಾಯ್ದೆ. ವರ್ಷದ ನಡುವೆ ಯುದ್ಧ ಎದುರಾದರೆ ಪೂರಕ ಧನವಿನಿಯೋಗ ಬೇಕು. 2024ರ ಏಪ್ರಿಲ್‌ನಲ್ಲಿ ಉಕ್ರೇನ್, ಇಸ್ರೇಲ್, ತೈವಾನ್‌ಗಳ ನೆರವಿಗೆ ಬಂದದ್ದು ಅಂಥದ್ದು.

ಅಧ್ಯಕ್ಷ ಬೈಡನ್ 2023ರ ಅಕ್ಟೋಬರ್ 20ರಂದು ಸುಮಾರು 106 ಶತಕೋಟಿ ಡಾಲರ್ ಕೇಳಿದರು. ಅದು ಕೋರಿಕೆ ಮಾತ್ರ. ನಮ್ಮಲ್ಲಿ ರಾಷ್ಟ್ರಪತಿಯ ಶಿಫಾರಸಿಲ್ಲದೆ ಅನುದಾನದ ಬೇಡಿಕೆಯನ್ನೇ ಮಂಡಿಸುವಂತಿಲ್ಲ, ಲೋಕಸಭೆ ಅದನ್ನು ಕಡಿತ ಮಾಡಬಹುದೇ ಹೊರತು ಹೆಚ್ಚಿಸುವಂತಿಲ್ಲ. ಅಲ್ಲಿ ಕಾಂಗ್ರೆಸ್ ಮೊತ್ತವನ್ನು ಏರಿಸಬಹುದು, ಇಳಿಸಬಹುದು, ಕೋರಿಕೆಯನ್ನೇ ಬದಿಗಿಡಬಹುದು.

ಸೆನೆಟ್ ಹೊಸ ಮಸೂದೆ ಬರೆಯಲಿಲ್ಲ. ಹಣದ ಮಸೂದೆ ಕೆಳಮನೆಯಲ್ಲೇ ಹುಟ್ಟಬೇಕೆಂಬ ಪದ್ಧತಿಯಿದೆ. ಹಾಗಾಗಿ ಕೆಳಮನೆ ಮೊದಲೇ ಒಪ್ಪಿದ್ದ, ಮಾಜಿ ಸೈನಿಕರ ತುರ್ತು ಚಿಕಿತ್ಸೆಯ ವೆಚ್ಚಕ್ಕೆ ಸಂಬಂಧಿಸಿದ ಎಚ್.ಆರ್. 815 ಎಂಬ ಮಸೂದೆಯ ಒಳತಿರುಳನ್ನು ತೆಗೆದು ಯುದ್ಧನೆರವನ್ನು ತುಂಬಲಾಯಿತು. ಚರ್ಚೆಗೆ ಎತ್ತಿಕೊಳ್ಳಲೂ ಸೆನೆಟ್‌ನಲ್ಲಿ 60 ಮತ ಬೇಕು. ಗಡಿ ಭದ್ರತೆಯ ಒಪ್ಪಂದವನ್ನು ಸೇರಿಸುವ ಯತ್ನ ಫೆಬ್ರವರಿ 7ರಂದು 49–50ರಲ್ಲಿ ಬಿದ್ದುಹೋಯಿತು. ಗಡಿಯ ಭಾಗವನ್ನು ಕೈಬಿಟ್ಟ ಮೇಲೆ, ಮರುದಿನವೇ 67–32ರಲ್ಲಿ ಚರ್ಚೆಯ ದಾರಿ ತೆರೆಯಿತು. ಸುಮಾರು 95 ಶತಕೋಟಿಯ ಮಸೂದೆ 13ರಂದು 70–29ರಲ್ಲಿ ಅಂಗೀಕಾರವಾಯಿತು.

ಆಮೇಲೆ ಎರಡು ತಿಂಗಳು ಏನೂ ಆಗಲಿಲ್ಲ. ಕೆಳಮನೆಯಲ್ಲಿ ಬೆಂಬಲಿಗರ ಸಂಖ್ಯೆಗೆ ಕೊರತೆಯಿರಲಿಲ್ಲ. ಯಾವುದನ್ನು ಮತಕ್ಕೆ ಹಾಕಬೇಕೆಂಬ ನಿರ್ಧಾರ ಸ್ಪೀಕರ್ ಕೈಯಲ್ಲಿತ್ತು. ಮಸೂದೆ ಸಾಮಾನ್ಯವಾಗಿ ಸಿಕ್ಕಿಕೊಳ್ಳುವುದೂ ಇಲ್ಲೇ. ಉಕ್ರೇನ್ ನೆರವು ಬೇಡವೆನ್ನುವವರು ಒಂದು ಕಡೆ, ಇಸ್ರೇಲ್ ನೆರವು ಬೇಡವೆನ್ನುವವರು ಇನ್ನೊಂದು ಕಡೆ. ಒಂದೇ ಕಟ್ಟಾಗಿ ಮತಕ್ಕಿಟ್ಟರೆ ಎರಡೂ ಕಡೆಯ ವಿರೋಧ ಒಟ್ಟುಗೂಡುತ್ತದೆ. ಸ್ಪೀಕರ್ ಮೈಕ್ ಜಾನ್ಸನ್ ಅದನ್ನು ನಾಲ್ಕು ಮಸೂದೆಗಳಾಗಿ ಒಡೆದರು. ಪ್ರತಿಯೊಂದಕ್ಕೂ ಬೇರೆ ಮತ, ಗೆದ್ದವುಗಳನ್ನು ಜೋಡಿಸಿ ಸೆನೆಟ್‌ಗೆ ಒಂದೇ ಕಡತವಾಗಿ ಕಳಿಸುವುದು, ಜೋಡಿಸಿದ್ದಕ್ಕೆ ಮತ್ತೆ ಮತವಿಲ್ಲ. ಇದನ್ನು ಸಾಧ್ಯವಾಗಿಸಿದ್ದು ಕಲಾಪ ನಿಯಮದ ನಿರ್ಣಯ, ಅಂದರೆ ಮಸೂದೆಗಳ ಚರ್ಚೆ, ಮತ ಹೇಗೆ ನಡೆಯಬೇಕೆಂದು ಸದನವೇ ಮೊದಲು ಒಪ್ಪುವ ನಿರ್ಣಯ.

ನನ್ನ ಲೆಕ್ಕದಲ್ಲಿ ನಿಜವಾದ ತೀರ್ಪು ಆ ನಿರ್ಣಯದ ಮೇಲಿನ ಮತವೇ. ಕಲಾಪ ನಿಯಮವನ್ನು ಸದನದಲ್ಲಿ ಬಹುಮತವಿರುವ ಪಕ್ಷ ತನ್ನ ಬಲದಿಂದಲೇ ಗೆಲ್ಲಿಸಿಕೊಳ್ಳುವುದು ರೂಢಿ. ಏಪ್ರಿಲ್ 19ರಂದು ಅದು 316–94ರಲ್ಲಿ ಗೆದ್ದಾಗ ಪರ ಹಾಕಿದವರಲ್ಲಿ ಆ ಸದನದಲ್ಲಿ ಅಲ್ಪಮತದಲ್ಲಿದ್ದ, ಅಧ್ಯಕ್ಷರ ಪಕ್ಷದ ಡೆಮಾಕ್ರಟರು 165, ಸ್ಪೀಕರ್ ಪಕ್ಷದ ರಿಪಬ್ಲಿಕನ್ನರು 151. ಮರುದಿನ ಉಕ್ರೇನ್ ಮಸೂದೆ 311–112, ಇಸ್ರೇಲ್ 366–58, ಇಂಡೋ–ಪೆಸಿಫಿಕ್ 385–34, ಟಿಕ್‌ಟಾಕ್ ಮಾರಾಟದ ಷರತ್ತಿದ್ದ ನಾಲ್ಕನೆಯದು 360–58. ಉಕ್ರೇನ್‌ಗೆ ಬಿದ್ದ 112 ವಿರೋಧ ಮತಗಳೂ ಸ್ಪೀಕರ್ ಪಕ್ಷದವೇ! ಹೀಗೆ ಒಡೆದದ್ದರಿಂದ ಯಾರು ಯಾವ ದೇಶಕ್ಕೆ ಹೌದೆಂದರು, ಬೇಡವೆಂದರು ಎಂಬುದು ಹೆಸರುಸಹಿತ ದಾಖಲಾಯಿತು. ಮತದಾರನಿಗೆ ಅದು ಸಿಗಲೇಬೇಕಾದ ಮಾಹಿತಿ.

ರಾಜ್ಯಸಭೆಯಂತೆ ಹಣದ ಮಸೂದೆಯನ್ನು 14 ದಿನಗಳಲ್ಲಿ ಹಿಂತಿರುಗಿಸುವ ಕಟ್ಟುಪಾಡು ಸೆನೆಟ್‌ಗಿಲ್ಲ. ಆದರೆ ಅದು ಒಂದು ಪದ ತಿದ್ದಿದರೂ ಕಡತ ಮತ್ತೆ ಕೆಳಮನೆಗೆ ಹೋಗಬೇಕು. ಆದ್ದರಿಂದ ತಿದ್ದುಪಡಿಗಳಿಗೆ ಅವಕಾಶ ಕೊಡದೆ ಏಪ್ರಿಲ್ 23ರಂದು 79–18ರಲ್ಲಿ ಒಪ್ಪಲಾಯಿತು. 24ರಂದು ಅಧ್ಯಕ್ಷರ ಸಹಿ ಬಿದ್ದು ಅದು 118–50ನೇ ಸಾರ್ವಜನಿಕ ಕಾನೂನಾಯಿತು.

ಹಣಕ್ಕೆ ‘ತುರ್ತು’ ಎಂಬ ಮುದ್ರೆ ಇದ್ದುದರಿಂದ 2023ರ ಕಾನೂನು ಹಾಕಿದ್ದ ವೆಚ್ಚದ ಮಿತಿ ಅದಕ್ಕೆ ತಾಗಲಿಲ್ಲ. ಉಕ್ರೇನ್ ಹೆಸರಿನ ಸುಮಾರು 61 ಶತಕೋಟಿಯೂ ಕೀವ್‌ಗೆ ನಗದಾಗಿ ಹೋಗುವಂಥದ್ದಲ್ಲ: 13 ಶತಕೋಟಿಗೂ ಹೆಚ್ಚು ಭಾಗ ಅಮೆರಿಕದ ಉಗ್ರಾಣಗಳಲ್ಲಿ ಖಾಲಿಯಾದ ಶಸ್ತ್ರಾಸ್ತ್ರಗಳನ್ನು ಮತ್ತೆ ತುಂಬಿಸಲು. ದಾಸ್ತಾನಿನಿಂದ ನೇರವಾಗಿ ಶಸ್ತ್ರ ಕೊಡುವ ಅಧಿಕಾರಕ್ಕೆ ಆ ವರ್ಷ 7.8 ಶತಕೋಟಿಯ ಮಿತಿಯಿತ್ತು. ಸಹಿಯಾದ ದಿನವೇ 1 ಶತಕೋಟಿಯ ಕಂತು ಪ್ರಕಟವಾಯಿತು. ಆದರೂ ಆರ್ಥಿಕ ವರ್ಷ ಮುಗಿಯಲು ನಾಲ್ಕು ದಿನ ಉಳಿದಿದ್ದಾಗ ಸುಮಾರು 5.5 ಶತಕೋಟಿಯ ಅಧಿಕಾರ ಬಳಕೆಯಾಗದೆ ಬಾಕಿಯಿತ್ತು. ಅದು ರದ್ದಾಗದಂತೆ ಸೆಪ್ಟೆಂಬರ್ 26ರಂದು ಅಧ್ಯಕ್ಷರು ಪೂರ್ತಿ ಹಂಚಿಕೆಗೆ ಆದೇಶಿಸಬೇಕಾಯಿತು.